ಶಿಷ್ಯರೊಂದಿಗೇ ಸ್ಪರ್ಧೆಗಿಳಿದ ಗುರು ವ್ಯಾಲೆಂಟಿನೊ ರೊಸ್ಸಿ

2025ರ ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ ನಡೆದ ಮೋಟೊಜಿಪಿ ರೇಸಿನಲ್ಲಿ ಸ್ಪೇನಿನ ಮಾರ್ಕ್ ಮಾರ್ಕೆಜ್ ಎರಡನೆಯವರಾಗಿ ಗುರಿ ಮುಟ್ಟಿದರು. ವಿಶ್ವ ಚಾಂಪಿಯನ್ ಪಟ್ಟ ಖಚಿತವಾಗಲು ಅಷ್ಟು ಸಾಕಾಗಿತ್ತು. ಎಲ್ಲ ದರ್ಜೆಗಳನ್ನೂ ಸೇರಿಸಿದರೆ ಅದು ಅವರ ಒಂಬತ್ತನೇ ಪ್ರಶಸ್ತಿ. ಬೈಕ್ ರೇಸ್ ಬಲ್ಲವರಿಗೆ ಒಂಬತ್ತು ಎಂದೊಡನೆ ನೆನಪಾಗುವ ಹೆಸರು ಇಟಲಿಯ ವ್ಯಾಲೆಂಟಿನೊ ರೊಸ್ಸಿ. ಹತ್ತು ವರ್ಷಗಳ ಹಿಂದೆ, ಹತ್ತನೇ ಪ್ರಶಸ್ತಿ ಕೈಗೆಟಕುವಂತಿದ್ದಾಗ, ಅದನ್ನು ತಮ್ಮಿಂದ ತಪ್ಪಿಸಿದ್ದು ಇದೇ ಮಾರ್ಕೆಜ್ ಎಂದು ರೊಸ್ಸಿ ಇಂದಿಗೂ ನಂಬಿದ್ದಾರೆ.

ಅಂದು ಮೊಟೆಗಿಯಲ್ಲಿ ಮಾರ್ಕೆಜ್ ಅವರನ್ನು ಹಿಂದಿಕ್ಕಿ ರೇಸ್ ಗೆದ್ದವರು ಫ್ರಾನ್ಸೆಸ್ಕೊ ಬನ್ಯಾಯಾ. ಡುಕಾಟಿ ತಂಡದಲ್ಲಿ ಮಾರ್ಕೆಜ್ ಅವರ ಜೊತೆಗಾರ, ರೊಸ್ಸಿ ಅಕಾಡೆಮಿಯಲ್ಲಿ ಪಳಗಿದ ಹುಡುಗ, ಎರಡು ಬಾರಿಯ ಮೋಟೊಜಿಪಿ ಚಾಂಪಿಯನ್. ರೊಸ್ಸಿ ಬೈಕಿನಿಂದ ಇಳಿದು ನಾಲ್ಕು ವರ್ಷಗಳಾಗುತ್ತ ಬಂದಿದ್ದರೂ ಅವರ ಸ್ಪರ್ಧೆ ಮುಗಿದಿರಲಿಲ್ಲ.

ಚಾಂಪಿಯನ್ನರು ನಿವೃತ್ತಿಯ ನಂತರ ತರಬೇತುದಾರರಾಗುವುದು ಹೊಸ ಸಂಗತಿಯಲ್ಲ. 1978ರಿಂದ ಸತತ ಮೂರು ವರ್ಷ 500 ಸಿಸಿ ಪ್ರಶಸ್ತಿ ಗೆದ್ದ ಅಮೆರಿಕದ ಕೆನ್ನಿ ರಾಬರ್ಟ್ಸ್, ಪೂರ್ಣಾವಧಿ ಸ್ಪರ್ಧೆ ಬಿಟ್ಟ ಮೇಲೆ ತಂಡ ಕಟ್ಟಿದರು. ಕ್ಯಾಲಿಫೋರ್ನಿಯಾದ ತಮ್ಮ ಜಮೀನಿನಲ್ಲಿ ಮಣ್ಣಿನ ಹಾದಿ ಮಾಡಿಸಿ ಹುಡುಗರನ್ನು ಪಳಗಿಸಿದರು. ಆ ತಂಡದಿಂದಲೇ ವೇಯ್ನ್ ರೈನಿ 1990ರಿಂದ 1992ರವರೆಗೆ ಮೂರು ಬಾರಿ ಚಾಂಪಿಯನ್ ಆದರು. ರೊಸ್ಸಿಯವರ ದಾರಿ ಬೇರೆ. ತಾವಿನ್ನೂ ಕಣದಲ್ಲಿರುವಾಗಲೇ, ಹತ್ತನೇ ಪ್ರಶಸ್ತಿಯ ಆಸೆ ಇನ್ನೂ ಇರುವಾಗಲೇ, ನಾಳೆ ತಮ್ಮನ್ನೇ ಹಿಂದಿಕ್ಕಬಹುದಾದ ಹುಡುಗರಿಗೆ ಅವರು ಕಲಿಸತೊಡಗಿದರು. ಶಿಷ್ಯನಿಂದ ಸೋಲುವುದನ್ನು ಗುರು ಬಯಸಬೇಕು ಎಂಬ ಹಳೆಯ ಮಾತು ನಮ್ಮಲ್ಲಿದೆ. ರೊಸ್ಸಿ ಬಯಸಿದರೇ ಎಂಬುದು ಅನುಮಾನ. ಸೋತದ್ದಂತೂ ನಿಜ.

ಏರಿದ ಬಗೆ

ರೊಸ್ಸಿ ಹುಟ್ಟಿದ್ದು 1979ರ ಫೆಬ್ರುವರಿ 16ರಂದು, ಉರ್ಬಿನೊ ಪಟ್ಟಣದಲ್ಲಿ. ಬೆಳೆದದ್ದು ಹತ್ತಿರದ ತಾವುಲ್ಲಿಯಾ ಎಂಬ ಸಣ್ಣ ಊರಿನಲ್ಲಿ. ತಂದೆ ಗ್ರಾಜಿಯಾನೊ ರೊಸ್ಸಿ ಕೂಡ ರೇಸ್ ಸವಾರರು. ಮಗ ಹುಟ್ಟಿದ ವರ್ಷವೇ 250 ಸಿಸಿ ದರ್ಜೆಯಲ್ಲಿ ಮೂರು ಗ್ರ್ಯಾನ್ ಪ್ರಿ ಗೆದ್ದಿದ್ದರು. ಆಗ ಅವರ ಬೈಕಿನ ಮೇಲಿದ್ದ 46 ಎಂಬ ಸಂಖ್ಯೆಯನ್ನೇ ಮಗ ಕೊನೆಯವರೆಗೂ ಬಳಸಿದ. ಚಾಂಪಿಯನ್ ಆದವರು ಮರುವರ್ಷ 1ನೇ ಸಂಖ್ಯೆ ಹಾಕಿಕೊಳ್ಳುವ ವಾಡಿಕೆಯಿದ್ದರೂ ರೊಸ್ಸಿ 46ನ್ನು ಬಿಡಲಿಲ್ಲ. ಹಳದಿ ಬಣ್ಣದ ಆ ಅಂಕಿ ಮುಂದೆ ದೊಡ್ಡ ವ್ಯಾಪಾರದ ಗುರುತೂ ಆಯಿತು.

1996ರಲ್ಲಿ ಮಲೇಷ್ಯಾದ ಶಾ ಆಲಂನಲ್ಲಿ 125 ಸಿಸಿ ದರ್ಜೆಯಲ್ಲಿ ಮೊದಲ ಗ್ರ್ಯಾನ್ ಪ್ರಿ. ಅದೇ ವರ್ಷ ಜೆಕ್ ಗಣರಾಜ್ಯದ ಬ್ರನೊದಲ್ಲಿ ಮೊದಲ ಗೆಲುವು. 1997ರಲ್ಲಿ 11 ರೇಸ್ ಗೆದ್ದು 125 ಸಿಸಿ ಚಾಂಪಿಯನ್, 1999ರಲ್ಲಿ 250 ಸಿಸಿ ಚಾಂಪಿಯನ್. ಒಂದೊಂದು ದರ್ಜೆಯಲ್ಲೂ ಮೊದಲ ವರ್ಷ ಕಲಿಕೆ, ಎರಡನೇ ವರ್ಷ ಪ್ರಶಸ್ತಿ ಎಂಬಂತೆ ಸಾಗಿದ ಪಯಣವದು. 2000ದಲ್ಲಿ 500 ಸಿಸಿ ದರ್ಜೆಗೆ ಬಂದಾಗಲೂ ಹಾಗೆಯೇ ಆಯಿತು. ಆ ವರ್ಷ ಎರಡನೇ ಸ್ಥಾನ, 2001ರಲ್ಲಿ ಚಾಂಪಿಯನ್.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. 500 ಸಿಸಿ ದರ್ಜೆಗೆ ಬಂದಾಗ ಹೋಂಡಾ ಕಂಪನಿ ರೊಸ್ಸಿಗೆ ಕೊಟ್ಟದ್ದು ಬೈಕನ್ನು ಮಾತ್ರವಲ್ಲ. 1994ರಿಂದ 1998ರವರೆಗೆ ಸತತ ಐದು ಬಾರಿ ಚಾಂಪಿಯನ್ ಆಗಿ, ಗಾಯಗೊಂಡು ನಿವೃತ್ತರಾಗಿದ್ದ ಆಸ್ಟ್ರೇಲಿಯಾದ ಮಿಕ್ ಡೂಹನ್ ಅವರ ಮೆಕ್ಯಾನಿಕ್ ತಂಡವನ್ನೇ ಅವರಿಗೆ ವಹಿಸಿತು. ತಂಡದ ಮುಖ್ಯಸ್ಥ ಜೆರೆಮಿ ಬರ್ಜೆಸ್ ಮುಂದಿನ 14 ವರ್ಷ ರೊಸ್ಸಿಯ ಜೊತೆಗಿದ್ದರು. ಹಿಂದಿನ ಪೀಳಿಗೆಯ ಅನುಭವ ಸಿದ್ಧರೂಪದಲ್ಲಿ ಕೈಗೆ ಬಂದರೆ ಎಷ್ಟು ದೂರ ಹೋಗಬಹುದು ಎಂಬುದನ್ನು ರೊಸ್ಸಿ ಸ್ವತಃ ಕಂಡವರು.

2002ರಲ್ಲಿ 500 ಸಿಸಿ ದರ್ಜೆಯ ಜಾಗಕ್ಕೆ 990 ಸಿಸಿ ಎಂಜಿನ್‌ಗಳ ಮೋಟೊಜಿಪಿ ಬಂತು. 2002, 2003ರ ಪ್ರಶಸ್ತಿಗಳೂ ರೊಸ್ಸಿಯ ಪಾಲಾದವು. 2003ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ ಹಳದಿ ಬಾವುಟ ಕಂಡಾಗಲೂ ಎದುರಾಳಿಯನ್ನು ದಾಟಿದ ತಪ್ಪಿಗೆ 10 ಸೆಕೆಂಡ್ ದಂಡ ವಿಧಿಸಲಾಯಿತು. ಸುದ್ದಿ ತಿಳಿದ ರೊಸ್ಸಿ ವೇಗ ಹೆಚ್ಚಿಸಿ, ಉಳಿದವರಿಗಿಂತ 15 ಸೆಕೆಂಡ್ ಮುಂದೆ ಗುರಿ ಮುಟ್ಟಿದರು. ದಂಡ ಕಳೆದ ಮೇಲೂ ಗೆಲುವು ಅವರದ್ದೇ. ಅಲ್ಲಿಯವರೆಗೆ ಅವರು ಪೂರ್ಣ ಶಕ್ತಿ ಬಳಸಿಯೇ ಇರಲಿಲ್ಲವೇ ಎಂದು ಎದುರಾಳಿಗಳು ಗಾಬರಿಗೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಗೆಲ್ಲುತ್ತಿರುವುದು ರೊಸ್ಸಿಯೋ, ಹೋಂಡಾ ಬೈಕೋ ಎಂಬ ಚರ್ಚೆಗೆ 2004ರಲ್ಲಿ ಉತ್ತರ ಸಿಕ್ಕಿತು. ಹೋಂಡಾ ಬಿಟ್ಟು ರೊಸ್ಸಿ ಯಾಮಹಾ ಸೇರಿದರು. 1992ರ ರೈನಿ ನಂತರ ಯಾಮಹಾಗೆ ಅಗ್ರ ದರ್ಜೆಯ ಪ್ರಶಸ್ತಿ ಬಂದಿರಲಿಲ್ಲ. 2003ರಲ್ಲಂತೂ ಅದು ಒಂದು ರೇಸನ್ನೂ ಗೆದ್ದಿರಲಿಲ್ಲ. ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾದ ವೆಲ್ಕಂನಲ್ಲಿ, ಹೊಸ ಬೈಕಿನ ಮೊದಲ ರೇಸಿನಲ್ಲೇ, ಹೋಂಡಾ ಸವಾರ ಮ್ಯಾಕ್ಸ್ ಬಿಯಾಜಿ ಅವರನ್ನು ಸೋಲಿಸಿ ರೊಸ್ಸಿ ಗೆದ್ದರು. ಆ ವರ್ಷ 16 ರೇಸ್‌ಗಳಲ್ಲಿ ಒಂಬತ್ತು, ಮರುವರ್ಷ 17ರಲ್ಲಿ 11 ಗೆಲುವು. ಎರಡೂ ವರ್ಷ ಚಾಂಪಿಯನ್. ಅವರ ಹುಟ್ಟೂರಿನ ಉರ್ಬಿನೊ ವಿಶ್ವವಿದ್ಯಾಲಯ 2005ರಲ್ಲಿ ಗೌರವ ಪದವಿಯನ್ನೂ ನೀಡಿತು. 'ಡಾಕ್ಟರ್' ಎಂಬ ಅಡ್ಡಹೆಸರು ಅದಕ್ಕೂ ಮೊದಲೇ ಅಂಟಿಕೊಂಡಿತ್ತು.

ಗೋಡೆ, ಗಾಯ, ಡುಕಾಟಿ

ಇಳಿಕೆ ಒಂದೇ ದಿನ ಆರಂಭವಾಗಲಿಲ್ಲ. 2006ರ ಕೊನೆಯ ರೇಸಿನಲ್ಲಿ ಬಿದ್ದು, ಐದು ಪಾಯಿಂಟ್‌ಗಳ ಅಂತರದಲ್ಲಿ ಅಮೆರಿಕದ ನಿಕಿ ಹೇಡನ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟರು. 2007ರಲ್ಲಿ ಡುಕಾಟಿಯ ಕೇಸಿ ಸ್ಟೋನರ್ ಎಲ್ಲರನ್ನೂ ಮೀರಿಸಿದರು. ಅದೇ ವರ್ಷ ಇಟಲಿಯ ತೆರಿಗೆ ಅಧಿಕಾರಿಗಳು ರೊಸ್ಸಿಯ ಬೆನ್ನು ಹತ್ತಿದರು. 2008ರಲ್ಲಿ 3.5 ಕೋಟಿ ಯೂರೊ ಕಟ್ಟಲು ಒಪ್ಪಿ ಆ ವ್ಯಾಜ್ಯ ಮುಗಿಸಿಕೊಂಡರು. ಆದರೂ 2008 ಮತ್ತು 2009ರಲ್ಲಿ ಮತ್ತೆ ಚಾಂಪಿಯನ್. ಅಲ್ಲಿಗೆ ಒಟ್ಟು ಒಂಬತ್ತು.

ಆ ಎರಡು ವರ್ಷಗಳ ಒಂದು ದೃಶ್ಯ ಮುಂದಿನ ಕಥೆಗೆ ಮುಖ್ಯ. 2008ರಲ್ಲಿ ಸ್ಪೇನಿನ ಯುವಕ ಹೋರ್ಹೆ ಲೊರೆಂಜೊ ಯಾಮಹಾ ತಂಡಕ್ಕೆ ಬಂದರು. ಇಬ್ಬರೂ ಬೇರೆ ಬೇರೆ ಕಂಪನಿಗಳ ಟಯರ್ ಬಳಸುತ್ತಿದ್ದುದರಿಂದ ಅವರ ಗ್ಯಾರೇಜುಗಳ ನಡುವೆ ಗೋಡೆಯೊಂದು ಎದ್ದಿತು. ಮರುವರ್ಷ ಎಲ್ಲರಿಗೂ ಒಂದೇ ಕಂಪನಿಯ ಟಯರ್ ಬಂತು, ಗೋಡೆ ಮಾತ್ರ ಉಳಿಯಿತು. ಒಂದೇ ತಂಡದ ಕಿರಿಯ ಸವಾರನೊಂದಿಗೆ ತಮ್ಮ ಬೈಕಿನ ಮಾಹಿತಿ ಹಂಚಿಕೊಳ್ಳಲು ರೊಸ್ಸಿ ಸಿದ್ಧರಿರಲಿಲ್ಲ. ತಾನು ಬೆಳೆಸಿದ ಬೈಕಿನ ಲಾಭ ಇನ್ನೊಬ್ಬನಿಗೇಕೆ ಎಂಬ ಲೆಕ್ಕ ಅದರಲ್ಲಿತ್ತು. ಅದೇ ವ್ಯಕ್ತಿ ಐದಾರು ವರ್ಷಗಳ ನಂತರ ಹದಿಹರೆಯದ ಹುಡುಗರಿಗಾಗಿ ತಮ್ಮ ಜಮೀನಿನ ಗೇಟು ತೆರೆದರು ಎಂಬುದನ್ನು ಗಮನಿಸಿದರೆ, ನಡುವಿನ ವರ್ಷಗಳಲ್ಲಿ ಏನಾಯಿತು ಎಂದು ಕೇಳಲೇಬೇಕಾಗುತ್ತದೆ.

ಆದದ್ದು ಮೂರು ಸಂಗತಿ. 2010ರ ಜೂನ್‌ನಲ್ಲಿ ತವರಿನ ಮುಜೆಲ್ಲೊದಲ್ಲಿ ಬಿದ್ದು ರೊಸ್ಸಿಯ ಬಲಗಾಲು ಮುರಿಯಿತು. ಗ್ರ್ಯಾನ್ ಪ್ರಿ ಬದುಕಿನಲ್ಲಿ ಅವರು ರೇಸ್ ತಪ್ಪಿಸಿಕೊಂಡದ್ದು ಅದೇ ಮೊದಲು. ಪ್ರಶಸ್ತಿ ಲೊರೆಂಜೊ ಪಾಲಾಯಿತು. ಗೋಡೆಯ ಆಚೆಯ ಹುಡುಗ ಗೆದ್ದ ಮೇಲೆ ರೊಸ್ಸಿ ಯಾಮಹಾ ಬಿಟ್ಟು ಡುಕಾಟಿ ಸೇರಿದರು. ಇಟಲಿಯ ಸವಾರ, ಇಟಲಿಯ ಬೈಕ್ ಎಂದು ದೇಶವೇ ಸಂಭ್ರಮಿಸಿತು. ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಮುಂಚಕ್ರ ರಸ್ತೆಯನ್ನು ಹಿಡಿದಿದೆಯೋ ಇಲ್ಲವೋ ಎಂಬುದು ಸವಾರನಿಗೆ ತಿಳಿಯದಂಥ ಬೈಕ್ ಅದು. ತಿರುವಿನಲ್ಲಿ ಸ್ಟೋನರ್ ಅದನ್ನು ಹೇಗೋ ನಂಬಿ ಓಡಿಸಿದ್ದರು. ರೊಸ್ಸಿಗೆ ಅದು ಒಗ್ಗಲೇ ಇಲ್ಲ. 2011ರಲ್ಲಿ ಏಳನೇ ಸ್ಥಾನ, 2012ರಲ್ಲಿ ಆರನೇ ಸ್ಥಾನ. ಎರಡು ವರ್ಷಗಳಲ್ಲಿ ಮೂರು ಬಾರಿ ಮಾತ್ರ ಮೊದಲ ಮೂವರಲ್ಲಿ ಕಾಣಿಸಿಕೊಂಡರು. ಗೆಲುವು ಒಂದೂ ಇಲ್ಲ. ಬೈಕ್ ಯಾವುದಾದರೂ ರೊಸ್ಸಿ ಗೆಲ್ಲುತ್ತಾರೆ ಎಂದು 2004ರಲ್ಲಿ ಮೂಡಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು.

ಮೂರನೆಯದು ಇವೆರಡಕ್ಕಿಂತ ದೊಡ್ಡದು. 2011ರ ಅಕ್ಟೋಬರ್ 23ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ಮಾರ್ಕೊ ಸಿಮೊನ್ಚೆಲ್ಲಿ ರೇಸಿನ ಎರಡನೇ ಸುತ್ತಿನಲ್ಲಿ ಆಯ ತಪ್ಪಿದರು. ಜಾರಿದ ಬೈಕು ಅವರನ್ನು ಟ್ರ್ಯಾಕಿನ ಅಡ್ಡಕ್ಕೆ ಎಳೆದು ತಂದಿತು. ಹಿಂದಿನಿಂದ ಬಂದ ಇಬ್ಬರಿಗೆ ತಪ್ಪಿಸಲು ಜಾಗವೇ ಇರಲಿಲ್ಲ. ಒಬ್ಬರು ಕಾಲಿನ್ ಎಡ್ವರ್ಡ್ಸ್, ಇನ್ನೊಬ್ಬರು ರೊಸ್ಸಿ. 24 ವರ್ಷದ ಸಿಮೊನ್ಚೆಲ್ಲಿ ಬದುಕಲಿಲ್ಲ. ಅವರು ತಾವುಲ್ಲಿಯಾಕ್ಕೆ ಹತ್ತಿರದ ಕೊರಿಯಾನೊ ಊರಿನವರು, ರೊಸ್ಸಿಯ ಆಪ್ತ ಗೆಳೆಯ, ಕಿರಿಯ ಸಹೋದರನಂತಿದ್ದವರು. ಇಬ್ಬರೂ ಮನೆಯ ಸುತ್ತಮುತ್ತ ಮಣ್ಣಿನ ಹಾದಿಗಳಲ್ಲಿ ಒಟ್ಟಿಗೇ ಅಭ್ಯಾಸ ಮಾಡುತ್ತಿದ್ದರು. ಮುಂದೆ ಅಕಾಡೆಮಿಯಾಗಿ ಬೆಳೆದದ್ದು ಆ ಅಭ್ಯಾಸವೇ. ಕಲಿಸುವವನು, ಕಲಿಯುವವನು ಎಂಬ ಭೇದವಿಲ್ಲದೆ, ಹತ್ತಿರದವರೆಲ್ಲ ಕೂಡಿ ಬೈಕ್ ಓಡಿಸುವುದು ಅದರ ಮೂಲರೂಪ.

ಗೇಟಿನ ಒಳಗೆ

ಇಟಲಿಯ ಅಂದಿನ ಸ್ಥಿತಿಯನ್ನೂ ನೋಡಬೇಕು. 2009ರ ರೊಸ್ಸಿಯ ಪ್ರಶಸ್ತಿಯ ನಂತರ 2017ರವರೆಗೆ ಯಾವ ದರ್ಜೆಯಲ್ಲೂ ಇಟಲಿಯ ಸವಾರ ವಿಶ್ವ ಚಾಂಪಿಯನ್ ಆಗಲಿಲ್ಲ. ಸ್ಪೇನ್ ಆ ಹೊತ್ತಿಗೆ ಬಹಳ ಮುಂದೆ ಹೋಗಿತ್ತು. ಅಲ್ಲಿ ಹುಡುಗರಿಗಾಗಿ ವ್ಯವಸ್ಥಿತ ರಾಷ್ಟ್ರೀಯ ಸ್ಪರ್ಧೆಗಳಿದ್ದವು, ತೈಲ ಕಂಪನಿಗಳ ಹಣವಿತ್ತು, ಸಾಕಷ್ಟು ಟ್ರ್ಯಾಕ್‌ಗಳಿದ್ದವು. ಇಟಲಿಯಲ್ಲಿ ಪ್ರತಿಭೆ ಇದ್ದರೂ ಅದನ್ನು ಮೇಲಿನ ದರ್ಜೆಗೆ ತಲುಪಿಸುವ ಏಣಿ ಇರಲಿಲ್ಲ.

ರೊಸ್ಸಿ 2013ರಲ್ಲಿ ಯಾಮಹಾಗೆ ಮರಳಿದರು. 2014ರಲ್ಲಿ ವಿಆರ್46 ರೈಡರ್ಸ್ ಅಕಾಡೆಮಿ ಔಪಚಾರಿಕವಾಗಿ ರೂಪುಗೊಂಡಿತು. ಅದೇ ವರ್ಷ ಕಿರಿಯರ ಮೋಟೊ3 ದರ್ಜೆಯಲ್ಲಿ ಅವರದೇ ತಂಡವೂ ಕಣಕ್ಕಿಳಿಯಿತು. ಅಕಾಡೆಮಿಯ ಕೇಂದ್ರ ತಾವುಲ್ಲಿಯಾದಲ್ಲಿರುವ, ಎಲ್ಲರೂ 'ರ‍್ಯಾಂಚ್' ಎಂದು ಕರೆಯುವ ಮಣ್ಣಿನ ಟ್ರ್ಯಾಕ್. ಡಾಂಬರಿನ ಮೇಲೆ ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಿಸುವವರಿಗೆ ಮಣ್ಣಿನಲ್ಲೇನು ಕೆಲಸ ಎಂಬ ಪ್ರಶ್ನೆ ಸಹಜ. ಮಣ್ಣಿನಲ್ಲಿ ಹಿಂಚಕ್ರ ಸದಾ ಜಾರುತ್ತಿರುತ್ತದೆ. ಆಕ್ಸಿಲರೇಟರ್ ಎಷ್ಟು ತಿರುವಿದರೆ ಎಷ್ಟು ಜಾರುತ್ತದೆ, ಜಾರಿದ್ದನ್ನು ಮೈಯ ಭಾರದಿಂದ ಹೇಗೆ ಹತೋಟಿಗೆ ತರಬೇಕು ಎಂಬುದನ್ನು ಕಡಿಮೆ ವೇಗದಲ್ಲಿ, ಕಡಿಮೆ ಖರ್ಚಿನಲ್ಲಿ, ದಿನಕ್ಕೆ ನೂರಾರು ಬಾರಿ ಕಲಿಯಬಹುದು. ಮೋಟೊಜಿಪಿ ಬೈಕಿನಲ್ಲಿ ಅದನ್ನು ಕಲಿಯಲು ಹೋದರೆ ಆಸ್ಪತ್ರೆ ಸೇರಬೇಕಾದೀತು. ಮಣ್ಣಿನಲ್ಲೂ ಅಪಾಯವಿಲ್ಲದಿಲ್ಲ. ಮಾರ್ಕೊ ಬೆಜ್ಜೆಕ್ಕಿ 2023ರಲ್ಲಿ ಕತ್ತಿನ ಬಳಿಯ ಮೂಳೆ ಮುರಿದುಕೊಂಡದ್ದು ಇದೇ ರ‍್ಯಾಂಚ್‌ನಲ್ಲಿ.

ಆದರೆ ಮಣ್ಣಿನ ಟ್ರ್ಯಾಕ್ ಒಂದರಿಂದಲೇ ಚಾಂಪಿಯನ್ನರು ಹುಟ್ಟುವುದಿಲ್ಲ. ಅಕಾಡೆಮಿಯ ನಿಜವಾದ ಕೊಡುಗೆ ಅದರ ಸುತ್ತಲಿನ ವ್ಯವಸ್ಥೆಯಲ್ಲಿದೆ. ಹುಡುಗರಿಗೆ ವ್ಯಾಯಾಮಶಾಲೆ, ಇಂಗ್ಲಿಷ್ ಪಾಠ, ತಂಡಗಳೊಂದಿಗೆ ಕರಾರಿನ ಮಾತುಕತೆ, ಲೆಕ್ಕಪತ್ರ ಎಲ್ಲವನ್ನೂ ಅಕಾಡೆಮಿಯೇ ನೋಡಿಕೊಳ್ಳುತ್ತದೆ. ಬದಲಿಗೆ ಸವಾರರ ಗಳಿಕೆಯಲ್ಲಿ ಒಂದು ಪಾಲು ಅಕಾಡೆಮಿಗೆ ಸೇರುತ್ತದೆ. ಇದು ಧರ್ಮಾರ್ಥ ಸಂಸ್ಥೆಯಲ್ಲ. ಶಿಸ್ತಿನ ವಿಷಯದಲ್ಲಿ ಸಡಿಲವೂ ಅಲ್ಲ. ತಂಡದ ಮುಖ್ಯ ಸವಾರನಾಗಿದ್ದ, ರೇಸ್ ಗೆಲ್ಲಬಲ್ಲ ರೊಮಾನೊ ಫೆನಾಟಿಯನ್ನು 2016ರ ಋತುವಿನ ನಡುವೆಯೇ ವರ್ತನೆಯ ಕಾರಣ ನೀಡಿ ಕೈಬಿಡಲಾಯಿತು.

ಬನ್ಯಾಯಾ ಅವರ ಬೆಳವಣಿಗೆಯನ್ನು ನೋಡಿದರೆ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ. 1997ರಲ್ಲಿ ತುರಿನ್‌ನಲ್ಲಿ ಹುಟ್ಟಿದ ಅವರು 2013ರಲ್ಲಿ ಮೋಟೊ3 ದರ್ಜೆಯ ಪೂರ್ಣ ಋತುವಿನಲ್ಲಿ ಓಡಿದರೂ ಒಂದೇ ಒಂದು ಪಾಯಿಂಟ್ ಗಳಿಸಲಿಲ್ಲ. ಬೇರೆ ಕಡೆ ಆಗಿದ್ದರೆ ಅಂಥ ಹುಡುಗನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮರುವರ್ಷ ರೊಸ್ಸಿ ತಂಡ ಅವರನ್ನು ಸೇರಿಸಿಕೊಂಡಿತು. 2015ರಲ್ಲಿ ತಂಡ ಬಿಟ್ಟು ಭಾರತದ ಮಹೀಂದ್ರ ಕಂಪನಿಯ ಬೈಕ್ ಏರಿದರೂ ಅಕಾಡೆಮಿಯ ನಂಟು ಕಡಿಯಲಿಲ್ಲ. ಭಾರತೀಯರು ಬಹುಬೇಗ ಮರೆತ ಸಂಗತಿಯೊಂದು ಇಲ್ಲಿದೆ: ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹೀಂದ್ರಕ್ಕೆ ಮೊದಲ ಗೆಲುವು ತಂದುಕೊಟ್ಟವರು ಬನ್ಯಾಯಾ. 2016ರಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಅದು ನಡೆಯಿತು. ಮರುವರ್ಷದ ಕೊನೆಗೆ ಮಹೀಂದ್ರ ಕಣದಿಂದ ಹಿಂದೆ ಸರಿಯಿತು. 2017ರಲ್ಲಿ ರೊಸ್ಸಿಯ ಮೋಟೊ2 ತಂಡಕ್ಕೆ ಮರಳಿದ ಬನ್ಯಾಯಾ ಎರಡನೇ ವರ್ಷ ಆ ದರ್ಜೆಯ ಚಾಂಪಿಯನ್ ಆದರು.

ಅದಕ್ಕೂ ಒಂದು ವರ್ಷ ಮುನ್ನ, 2017ರಲ್ಲಿ, ಅದೇ ಮೋಟೊ2 ಪ್ರಶಸ್ತಿಯನ್ನು ಫ್ರಾಂಕೊ ಮೊರ್ಬಿಡೆಲ್ಲಿ ಗೆದ್ದಿದ್ದರು. ರೋಮ್‌ನಲ್ಲಿ ಹುಟ್ಟಿದ, ಬ್ರೆಜಿಲ್ ಮೂಲದ ತಾಯಿಯ ಮಗನಾದ ಈ ಹುಡುಗನ ಕುಟುಂಬ ರೇಸಿನ ಕನಸಿಗಾಗಿ ತಾವುಲ್ಲಿಯಾದ ಕಡೆಗೆ ಮನೆ ಬದಲಿಸಿತ್ತು. ದುಬಾರಿಯಾದ ಗ್ರ್ಯಾನ್ ಪ್ರಿ ಏಣಿ ಹತ್ತಲು ಹಣವಿಲ್ಲದೆ, ಸಾಮಾನ್ಯ ರಸ್ತೆ ಬೈಕುಗಳನ್ನು ಹೋಲುವ ಬೈಕುಗಳ ಯುರೋಪಿಯನ್ ಸ್ಪರ್ಧೆಯ ಮೂಲಕ ಅವರು ಮೇಲೆ ಬಂದರು. ರೊಸ್ಸಿಯ ಮೊದಲ ಶಿಷ್ಯ ಎಂದು ಗುರುತಿಸುವುದು ಇವರನ್ನೇ.

ಗುರುವೂ ಎದುರಾಳಿಯೂ

ಈ ನಡುವೆ ಗುರು ಸುಮ್ಮನಿರಲಿಲ್ಲ. ರ‍್ಯಾಂಚ್ ಹುಡುಗರಿಗೆ ಕಲಿಸಿದಷ್ಟೇ ರೊಸ್ಸಿಗೂ ಕಲಿಸಿತು. ತಮಗಿಂತ 15, 18 ವರ್ಷ ಕಿರಿಯರೊಂದಿಗೆ ದಿನವೂ ಪೈಪೋಟಿ ನಡೆಸಿದ್ದರಿಂದಲೇ ತಾವು ಕಣದಲ್ಲಿ ಉಳಿದದ್ದು ಎಂದು ಅವರು ಹಲವು ಬಾರಿ ಹೇಳಿಕೊಂಡಿದ್ದಾರೆ. 2013ರ ಕೊನೆಗೆ ಹಳೆಯ ಜೊತೆಗಾರ ಬರ್ಜೆಸ್ ಅವರನ್ನು ಬದಲಿಸಿದರು. ಮೊಣಕೈ ನೆಲಕ್ಕೆ ತಾಗುವಂತೆ ಬಾಗುವ ಹೊಸ ಪೀಳಿಗೆಯ ಶೈಲಿಯನ್ನು 35ರ ವಯಸ್ಸಿನಲ್ಲಿ ಕಲಿತರು. 2014, 2015, 2016ರಲ್ಲಿ ಸತತ ಎರಡನೇ ಸ್ಥಾನ ಪಡೆದರು. ಡುಕಾಟಿಯ ಎರಡು ವರ್ಷಗಳನ್ನು ನೋಡಿದವರು ಊಹಿಸದಿದ್ದ ಚೇತರಿಕೆ ಇದು.

2015ರ ಕಥೆ ಎಲ್ಲರಿಗೂ ತಿಳಿದದ್ದು. ಕೊನೆಯ ಹಂತದವರೆಗೂ ರೊಸ್ಸಿ ಮುಂದಿದ್ದರು. ಮಾರ್ಕೆಜ್ ಬೇಕೆಂದೇ ಲೊರೆಂಜೊಗೆ ನೆರವಾಗುತ್ತಿದ್ದಾರೆ ಎಂದು ಬಹಿರಂಗವಾಗಿ ಆರೋಪಿಸಿದರು. ಮೂರು ದಿನಗಳ ನಂತರ ಸೆಪಾಂಗ್‌ನಲ್ಲಿ ಇಬ್ಬರೂ ತಾಗಿ ಮಾರ್ಕೆಜ್ ಬಿದ್ದರು. ದಂಡವಾಗಿ ರೊಸ್ಸಿ ವೆಲೆನ್ಸಿಯಾದ ಕೊನೆಯ ರೇಸನ್ನು ಎಲ್ಲರ ಹಿಂದಿನಿಂದ ಆರಂಭಿಸಬೇಕಾಯಿತು. ನಾಲ್ಕನೇ ಸ್ಥಾನದವರೆಗೆ ಬಂದರೂ ಲೊರೆಂಜೊ ಗೆದ್ದರು. ಏಳು ಪಾಯಿಂಟ್ ಮುಂದಿದ್ದ ರೊಸ್ಸಿ ಐದು ಪಾಯಿಂಟ್‌ನಿಂದ ಪ್ರಶಸ್ತಿ ಕಳೆದುಕೊಂಡರು. ಮಾರ್ಕೆಜ್ ಆರೋಪವನ್ನು ಎಂದೂ ಒಪ್ಪಿಲ್ಲ. ಇದರಲ್ಲಿ ಯಾರು ಸರಿ ಎಂಬುದು ಹತ್ತು ವರ್ಷ ಕಳೆದರೂ ಇತ್ಯರ್ಥವಾಗದ ಜಗಳ. ಆದರೆ ಆರೋಪವನ್ನು ಮಾಧ್ಯಮದ ಮುಂದಿಟ್ಟು ಎದುರಾಳಿಯನ್ನು ಕೆಣಕಿದ್ದು ರೊಸ್ಸಿಯ ಲೆಕ್ಕಾಚಾರದ ತಪ್ಪು ಎಂಬುದರಲ್ಲಿ ಸಂದೇಹವಿಲ್ಲ. ಬಿಯಾಜಿ ಕಾಲದಿಂದಲೂ ಮಾತಿನಿಂದ ಎದುರಾಳಿಯ ಮನಸ್ಸು ಕೆಡಿಸುವುದು ಅವರ ಅಸ್ತ್ರವಾಗಿತ್ತು. ಈ ಬಾರಿ ಅದು ತಿರುಗಿ ಬಡಿಯಿತು.

2017ರ ಜೂನ್‌ನಲ್ಲಿ ಆಸೆನ್‌ನಲ್ಲಿ, 38ರ ವಯಸ್ಸಿನಲ್ಲಿ, 0.063 ಸೆಕೆಂಡ್ ಅಂತರದಿಂದ ಪಡೆದದ್ದು ಅವರ ಕೊನೆಯ ಗೆಲುವು. ಅಲ್ಲಿಂದ ಮುಂದೆ ಶಿಷ್ಯರು ಏರಿದಂತೆ ಗುರು ಇಳಿಯತೊಡಗಿದರು. ಇದು ಸ್ಪಷ್ಟವಾಗಿ ಕಂಡದ್ದು 2018ರ ನವೆಂಬರ್ 4ರಂದು, ಮತ್ತದೇ ಸೆಪಾಂಗ್‌ನಲ್ಲಿ. ಅಂದು ಮೋಟೊ2 ರೇಸನ್ನು ರೊಸ್ಸಿಯ ತಾಯಿಯ ಮಗ, ಅಂದರೆ ತಮ್ಮ ಲೂಕಾ ಮರೀನಿ ಗೆದ್ದರು. ಮೂರನೆಯವರಾದ ಬನ್ಯಾಯಾ ಚಾಂಪಿಯನ್ ಆದರು. ಸ್ವಲ್ಪ ಹೊತ್ತಿನಲ್ಲಿ ಮೋಟೊಜಿಪಿ ರೇಸ್ ಆರಂಭವಾಯಿತು. ಮೊದಲಿನಿಂದಲೂ ಮುಂದಿದ್ದ ರೊಸ್ಸಿ ನಾಲ್ಕು ಸುತ್ತು ಬಾಕಿ ಇರುವಾಗ ಜಾರಿ ಬಿದ್ದರು. ರೊಸ್ಸಿ ತಮ್ಮ ಒಂಬತ್ತನೇ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡದ್ದೂ 2009ರಲ್ಲಿ ಇದೇ ಟ್ರ್ಯಾಕಿನಲ್ಲಿ. ಸಿಮೊನ್ಚೆಲ್ಲಿ ಸತ್ತದ್ದು ಇಲ್ಲಿ, ಮಾರ್ಕೆಜ್ ಜೊತೆ ತಾಗಿದ್ದು ಇಲ್ಲಿ, ಮೊರ್ಬಿಡೆಲ್ಲಿ ಚಾಂಪಿಯನ್ ಆದದ್ದೂ ಇಲ್ಲಿ. ಕಾಕತಾಳೀಯವೆಂದು ತಳ್ಳಿಹಾಕಬಹುದು. ಆದರೂ ಒಬ್ಬ ಸವಾರನ ಬದುಕು ಒಂದು ಟ್ರ್ಯಾಕಿಗೆ ಇಷ್ಟೊಂದು ಅಂಟಿಕೊಂಡದ್ದು ಅಪರೂಪ.

2020ರ ಸೆಪ್ಟೆಂಬರ್ 13ರಂದು ತಾವುಲ್ಲಿಯಾಕ್ಕೆ ಅತಿ ಹತ್ತಿರದ ಮಿಸಾನೊ ಟ್ರ್ಯಾಕಿನಲ್ಲಿ ನಡೆದದ್ದು ಇನ್ನೂ ನಿಷ್ಠುರವಾಗಿತ್ತು. ಮೊರ್ಬಿಡೆಲ್ಲಿ ಮೋಟೊಜಿಪಿಯಲ್ಲಿ ಮೊದಲ ಗೆಲುವು ಪಡೆದರು. ಬನ್ಯಾಯಾ ಎರಡನೆಯವರಾದರು. ಮೂರನೇ ಸ್ಥಾನದಲ್ಲಿದ್ದ 41 ವರ್ಷದ ರೊಸ್ಸಿಯನ್ನು ಸ್ಪೇನಿನ ಜೋವನ್ ಮಿರ್ ಕೊನೆಯ ಸುತ್ತಿನಲ್ಲಿ ದಾಟಿದರು. ಅದು ತಪ್ಪಿದ್ದರೆ ಗುರು ಮತ್ತು ಇಬ್ಬರು ಶಿಷ್ಯರು ಒಂದೇ ವೇದಿಕೆಯಲ್ಲಿ ನಿಲ್ಲುತ್ತಿದ್ದರು. ಅಗ್ರ ದರ್ಜೆಯಲ್ಲಿ ರೊಸ್ಸಿಗೆ ಅದು 200ನೇ ಪೋಡಿಯಂ ಆಗುತ್ತಿತ್ತು. 199ಕ್ಕೇ ಲೆಕ್ಕ ನಿಂತಿತು. ಆ ವರ್ಷ ಮೊರ್ಬಿಡೆಲ್ಲಿ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ ಪಡೆದರು.

ರೊಸ್ಸಿ ನಿಲ್ಲಿಸಬೇಕಾಗಿದ್ದುದು ಆಗಲೇ. ಆದರೆ ಇನ್ನೊಂದು ವರ್ಷ ಉಪತಂಡದಲ್ಲಿ ಓಡಿದರು, 18ನೇ ಸ್ಥಾನಕ್ಕೆ ಕುಸಿದರು. 2021ರ ನವೆಂಬರ್ 14ರಂದು ವೆಲೆನ್ಸಿಯಾದಲ್ಲಿ ಕೊನೆಯ ರೇಸ್. ಶಿಷ್ಯರೆಲ್ಲ ಗುರುವಿನ ಹಳೆಯ ಹೆಲ್ಮೆಟ್‌ಗಳ ವಿನ್ಯಾಸ ತೊಟ್ಟು ಓಡಿದರು. ಬನ್ಯಾಯಾ ಗೆದ್ದರು, ರೊಸ್ಸಿ ಹತ್ತನೆಯವರಾದರು. ಒಟ್ಟು 115 ಗೆಲುವು, ಅದರಲ್ಲಿ 89 ಅಗ್ರ ದರ್ಜೆಯವು.

ಶಾಲೆಯ ಪಾಲೆಷ್ಟು, ಬೈಕಿನ ಪಾಲೆಷ್ಟು

2022ರಲ್ಲಿ ಬನ್ಯಾಯಾ ಮೋಟೊಜಿಪಿ ಚಾಂಪಿಯನ್ ಆದರು. ಒಂದು ಹಂತದಲ್ಲಿ 91 ಪಾಯಿಂಟ್ ಹಿಂದಿದ್ದವರು ಸತತ ನಾಲ್ಕು ರೇಸ್ ಗೆದ್ದು ಮೇಲೆ ಬಂದರು. ರೊಸ್ಸಿಯ ನಂತರ ಅಗ್ರ ದರ್ಜೆಯಲ್ಲಿ ಇಟಲಿಗೆ ಬಂದ ಮೊದಲ ಪ್ರಶಸ್ತಿ ಅದು. ಸ್ಟೋನರ್ ನಂತರ ಡುಕಾಟಿಗೂ ಮೊದಲನೆಯದು. 2023ರಲ್ಲಿ ಮತ್ತೆ ಗೆದ್ದರು. ರೊಸ್ಸಿಯನ್ನು ಕೆಡವಿದ ಕಂಪನಿಯ ಬೈಕಿನಲ್ಲೇ ಶಿಷ್ಯ ಎರಡು ಪ್ರಶಸ್ತಿ ಗೆದ್ದದ್ದನ್ನು ಗುರುವಿನ ಸೇಡು ಎಂದು ಅಭಿಮಾನಿಗಳು ಬಣ್ಣಿಸಿದರು. ಅದು ಪೂರ್ತಿ ನಿಜವಲ್ಲ. 2013ರ ಕೊನೆಯಲ್ಲಿ ಎಂಜಿನಿಯರ್ ಜೀಜಿ ಡಲ್ಲಿನ್ಯ ಡುಕಾಟಿಗೆ ಬಂದ ಮೇಲೆ ಆ ಬೈಕ್ ಅಡಿಯಿಂದ ಮುಡಿಯವರೆಗೆ ಬದಲಾಗಿತ್ತು. 2022ರ ಹೊತ್ತಿಗೆ ಕಣದಲ್ಲಿದ್ದ 24 ಬೈಕುಗಳಲ್ಲಿ ಎಂಟು ಡುಕಾಟಿಗಳೇ ಆಗಿದ್ದವು, ರೊಸ್ಸಿಯ ಸ್ವಂತ ತಂಡದ ಎರಡೂ ಸೇರಿ. ಇಟಲಿಯ ಪುನರುತ್ಥಾನದಲ್ಲಿ ಅಕಾಡೆಮಿಯ ಹೊರಗಿನವರೂ ಇದ್ದರು. 2020ರಲ್ಲಿ ಮೋಟೊ2 ಗೆದ್ದ ಎನಿಯಾ ಬಸ್ತಿಯಾನಿನಿ ಅಂಥವರಲ್ಲೊಬ್ಬರು.

ಆದರೂ ಅಕಾಡೆಮಿಯ ಪಾಲನ್ನು ಕಡೆಗಣಿಸಲಾಗದು. 2023ರ ಸೆಪ್ಟೆಂಬರ್ 24ರಂದು ಗ್ರೇಟರ್ ನೊಯಿಡಾದ ಬುದ್ಧ ಟ್ರ್ಯಾಕಿನಲ್ಲಿ ಭಾರತದ ಮೊದಲ ಮೋಟೊಜಿಪಿ ರೇಸ್ ನಡೆದಾಗ ಗೆದ್ದವರು ರೊಸ್ಸಿ ತಂಡದ ಬೆಜ್ಜೆಕ್ಕಿ. ಬನ್ಯಾಯಾ ಅಂದು ಬಿದ್ದಿದ್ದರು. ಬೆಜ್ಜೆಕ್ಕಿ ನಂತರ ಎಪ್ರಿಲಿಯಾ ಸೇರಿ, 2025ರಲ್ಲಿ ಮೂರು ರೇಸ್ ಗೆದ್ದು ಮೂರನೇ ಸ್ಥಾನ ಪಡೆದರು. ಅಂದರೆ ಡುಕಾಟಿ ಇಲ್ಲದೆಯೂ ಈ ಶಾಲೆಯ ಹುಡುಗ ಗೆಲ್ಲಬಲ್ಲ. ಮರೀನಿ ಹೋಂಡಾದಲ್ಲಿದ್ದು, ಹಿಂದೆ ಬಿದ್ದಿದ್ದ ಆ ಬೈಕನ್ನು ಸುಧಾರಿಸುವ ಕೆಲಸದಲ್ಲಿ ಹೆಸರು ಮಾಡಿದರು.

ಗುರುವಿನಿಂದ ಶಿಷ್ಯರಿಗೆ ಬಂದದ್ದು ವಿದ್ಯೆ ಮಾತ್ರವಲ್ಲ, ಜಗಳವೂ ಹೌದು. 2024ರಲ್ಲೂ ರೊಸ್ಸಿ ಸಂದರ್ಶನವೊಂದರಲ್ಲಿ 2015ರ ಬಗ್ಗೆ ಕಟುವಾಗಿಯೇ ಮಾತನಾಡಿದರು. ಮಾರ್ಕೆಜ್ ಡುಕಾಟಿ ಸೇರಿದ ಮೇಲೂ ಮುಜೆಲ್ಲೊದಲ್ಲಿ ಅವರನ್ನು ಪ್ರೇಕ್ಷಕರು ಮೂದಲಿಸಿದರು. ಇದರ ಭಾರ ಹೆಚ್ಚು ಬಿದ್ದದ್ದು ಬನ್ಯಾಯಾ ಮೇಲೆ. 2024ರಲ್ಲಿ 11 ರೇಸ್ ಗೆದ್ದರೂ ಹತ್ತು ಪಾಯಿಂಟ್‌ಗಳಿಂದ ಪ್ರಶಸ್ತಿ ಕಳೆದುಕೊಂಡ ಅವರು, 2025ರಲ್ಲಿ ಮಾರ್ಕೆಜ್ ಜೊತೆ ಒಂದೇ ಗ್ಯಾರೇಜಿನಲ್ಲಿ ನಿಲ್ಲಬೇಕಾಯಿತು. ಒಂದೇ ಬೈಕಿನಲ್ಲಿ ಜೊತೆಗಾರ ಸತತವಾಗಿ ಗೆಲ್ಲುತ್ತಿದ್ದಾಗ ಬನ್ಯಾಯಾ ಅವರಿಗೆ ಮುಂಚಕ್ರದ ಮೇಲೆ ನಂಬಿಕೆಯೇ ಬರಲಿಲ್ಲ. ಗೆದ್ದದ್ದು ಎರಡೇ ರೇಸ್. ಮುಗಿಸಿದ್ದು ಐದನೇ ಸ್ಥಾನದಲ್ಲಿ. 2011ರಲ್ಲಿ ಡುಕಾಟಿಯ ಮೇಲೆ ರೊಸ್ಸಿ ಹೇಳುತ್ತಿದ್ದ ದೂರನ್ನೇ ಶಿಷ್ಯನೂ ಹೇಳುವಂತಾಯಿತು. ಅಂಥ ಕಾಲದಲ್ಲಿ ಹೇಗಿರಬೇಕೆಂದು ಕಲಿಸಬಲ್ಲ ಗುರು ಯಾರಾದರೂ ಇದ್ದರೆ ಅದು ರೊಸ್ಸಿಯೇ. ಆದರೆ ರೊಸ್ಸಿಗೆ ಆ ಎರಡು ವರ್ಷಗಳಿಗೆ ಉತ್ತರ ಸಿಕ್ಕಿದ್ದು ಡುಕಾಟಿ ಬಿಟ್ಟ ಮೇಲೆ.

ಅಕಾಡೆಮಿಯ ಮುಂದಿರುವ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಮೊರ್ಬಿಡೆಲ್ಲಿ, ಬನ್ಯಾಯಾ, ಮರೀನಿ, ಬೆಜ್ಜೆಕ್ಕಿ ನಾಲ್ವರೂ ರೊಸ್ಸಿ ಕಣದಲ್ಲಿದ್ದಾಗ ಅವರೊಂದಿಗೆ ಓಡಿ ಬೆಳೆದವರು. ಅವರ ನಂತರದ ತಂಡದಿಂದ ಯಾವ ದರ್ಜೆಯಲ್ಲೂ ವಿಶ್ವ ಚಾಂಪಿಯನ್ ಇನ್ನೂ ಬಂದಿಲ್ಲ. ಭರವಸೆ ಮೂಡಿಸಿದ್ದ ಚೆಲೆಸ್ಟಿನೊ ವಿಯೆಟ್ಟಿ ಮೋಟೊ2ನಲ್ಲೇ ವರ್ಷಗಟ್ಟಲೆ ಉಳಿದಿದ್ದಾರೆ. ಮೋಟೊಜಿಪಿಯಲ್ಲಿ ರೊಸ್ಸಿಯ ಸ್ವಂತ ತಂಡವೇ 2024ರಿಂದ ಒಂದು ಬೈಕನ್ನು ಅಕಾಡೆಮಿಯ ಹೊರಗಿನ ಫ್ಯಾಬಿಯೊ ಡಿ ಜಾನಾಂಟೊನಿಯೊಗೆ ಕೊಟ್ಟಿದೆ. ರೊಸ್ಸಿ ಈಗ ಬಿಎಂಡಬ್ಲ್ಯು ಕಾರುಗಳಲ್ಲಿ ಓಡುತ್ತಾರೆ. 2023ರಲ್ಲಿ ಮಿಸಾನೊದಲ್ಲೇ ಕಾರ್ ರೇಸ್ ಗೆದ್ದರು. 2024ರಲ್ಲಿ ವಿಶ್ವ ಸಹಿಷ್ಣುತಾ ಚಾಂಪಿಯನ್‌ಷಿಪ್‌ನಲ್ಲಿ ಇಮೊಲಾದಲ್ಲಿ ತಮ್ಮ ದರ್ಜೆಯ ಎರಡನೇ ಸ್ಥಾನ ಪಡೆದರು. ಬಿಡುವಾದಾಗ ರ‍್ಯಾಂಚ್‌ನಲ್ಲಿ ಹುಡುಗರೊಂದಿಗೆ ಮಣ್ಣಿಗಿಳಿಯುತ್ತಾರೆ. ಆದರೆ ಆ ಹುಡುಗರು ಮರುವಾರ ಅವರನ್ನು ಗ್ರ್ಯಾನ್ ಪ್ರಿಯಲ್ಲಿ ಎದುರಿಸಬೇಕಾಗಿಲ್ಲ.